ಸದ್ದಿಗೆ ತಲೆ ‘ಟ್ರಿಪ್’ ಆಗ್ತಿದೆಯಾ? ದೋಷ ಎಲ್ಲಿದೆ ಅಂತ ಹುಡುಕುವ ಬಗೆ

ನಾನು ಮನೆಗಳ ವೈರಿಂಗ್ ಮತ್ತು ಯುಪಿಎಸ್ ರಿಪೇರಿ ಮಾಡುವವನು. ಇರುವುದು ತುಮಕೂರಿನಲ್ಲಿ. “ಮಿಕ್ಸಿ ಹಾಕಿದ ತಕ್ಷಣ ಕರೆಂಟ್ ಹೋಗುತ್ತೆ, ಮಿಕ್ಸಿ ಕೆಟ್ಟಿದೆ ಬಂದು ನೋಡಿ” ಅಂತ ವಾರಕ್ಕೆ ಒಬ್ಬರಾದರೂ ಫೋನ್ ಮಾಡುತ್ತಾರೆ. ಹೋಗಿ ನೋಡಿದರೆ ಮಿಕ್ಸಿ ಚೆನ್ನಾಗಿಯೇ ಇರುತ್ತದೆ. ಅದೇ ಲೈನಿನಲ್ಲಿ ಗೀಸರ್ ಓಡುತ್ತಿರುತ್ತದೆ, ಇಸ್ತ್ರಿ ಪೆಟ್ಟಿಗೆ ಕಾಯುತ್ತಿರುತ್ತದೆ. ಮಿಕ್ಸಿ ಕೊನೆಗೆ ಬಂದು ಸೇರಿಕೊಂಡಿತು, ಅಷ್ಟೇ. ಎಂಸಿಬಿ, ಅಂದರೆ ಲೋಡು ಜಾಸ್ತಿಯಾದಾಗ ತಾನೇ ಆಫ್ ಆಗುವ ಸ್ವಿಚ್ಚು, ಅದನ್ನು ಬೀಳಿಸಿದ್ದು (ಟ್ರಿಪ್ ಮಾಡಿಸಿದ್ದು) ಒಟ್ಟು ಲೋಡು.

ನನ್ನ ಮಗಳಿಗೆ ಈಗ ಹದಿನಾಲ್ಕು. ಎಂಟನೇ ವಯಸ್ಸಿನಲ್ಲಿ ಒಂದು ಸಂಜೆ ಅವಳ ಅಮ್ಮನ ಕೈಯಿಂದ ಸ್ಟೀಲ್ ತಟ್ಟೆ ಜಾರಿ ಬಿತ್ತು. ಮಗು ಮಂಚದ ಕೆಳಗೆ ನುಗ್ಗಿ, ಎರಡೂ ಕಿವಿ ಮುಚ್ಚಿಕೊಂಡು, ಒಂದು ಗಂಟೆ ಅತ್ತಳು. “ಒಂದು ತಟ್ಟೆ ಬಿದ್ದಿದ್ದಕ್ಕೆ ಇಷ್ಟಾ?” ಅಂತ ನಾನು ಗದರಿದೆ. ಆ ಮಾತು ಇವತ್ತಿಗೂ ನನ್ನನ್ನು ಕಾಡುತ್ತದೆ. ಆಟಿಸಂ (ಮೆದುಳು ಹುಟ್ಟಿನಿಂದಲೇ ಬೇರೆ ಬಗೆಯಲ್ಲಿ ಬೆಳೆಯುವುದು) ಅಂತ ಡಾಕ್ಟರು ಹೇಳಿದ್ದು ಅವಳಿಗೆ ಹನ್ನೊಂದಾದಾಗ. ಆಗ ಅವಳೇ ಹೇಳಿದಳು: “ಅಪ್ಪಾ, ಎಲ್ಲಾ ಸದ್ದೂ ಒಳಗೆ ಬರುತ್ತೆ. ಯಾವುದೂ ಹೊರಗೆ ಹೋಗಲ್ಲ.” ತಟ್ಟೆ ಕೊನೆಗೆ ಬಂದ ಮಿಕ್ಸಿ ಅನ್ನುವುದು ನನಗೆ ಅವತ್ತು ಅರ್ಥವಾಯಿತು.

ಈ ಬರಹ ಮಕ್ಕಳಿಗೆ ಮಾತ್ರ ಅಲ್ಲ. ಆಟಿಸಂ, ಗಮನ ಒಂದು ಕಡೆ ನಿಲ್ಲದ ಎಡಿಎಚ್‌ಡಿ, ಮೈಗ್ರೇನ್, ವಿಪರೀತ ಆತಂಕ, ತಲೆಗೆ ಪೆಟ್ಟು ಬಿದ್ದ ಮೇಲಿನ ದಿನಗಳು, ಎಳೆ ಮಗುವಿನ ಜೊತೆ ತಿಂಗಳುಗಟ್ಟಲೆ ನಿದ್ದೆಗೆಟ್ಟ ತಾಯಿ, ಇವರೆಲ್ಲರಲ್ಲೂ ಸದ್ದು ತಡೆಯಲು ಆಗದ ಈ ದೋಷ ಕಾಣಿಸಿಕೊಳ್ಳಬಹುದು. ಯಾವ ಹೆಸರೂ ಇಲ್ಲದೆ ಹುಟ್ಟಿನಿಂದಲೇ ಹೀಗಿರುವವರೂ ಇದ್ದಾರೆ.

ಲಕ್ಷಣ ಹೇಗಿರುತ್ತದೆ

ಕಿವಿ ಮುಚ್ಚಿಕೊಳ್ಳುವುದು ಎಲ್ಲರಿಗೂ ಗೊತ್ತಿರುವ ಲಕ್ಷಣ. ದೊಡ್ಡವರಲ್ಲಿ ಅದು ಅಷ್ಟು ಸುಲಭವಾಗಿ ಕಾಣುವುದಿಲ್ಲ. ಹಲ್ಲು ಕಚ್ಚಿ ಹಿಡಿದಿರುತ್ತಾರೆ. ಭುಜ ಕಿವಿಯ ಹತ್ತಿರಕ್ಕೆ ಏರಿರುತ್ತದೆ. ಮಾತು ಕೇಳಿಸುತ್ತದೆ, ಆದರೆ ಅರ್ಥ ಆಗುವುದಿಲ್ಲ. “ಏನಂದ್ರಿ?” ಅಂತ ಮತ್ತೆ ಮತ್ತೆ ಕೇಳುತ್ತಾರೆ. ಆಮೇಲೆ ಸಣ್ಣ ಮಾತಿಗೆ ಸಿಡುಕು, ಇಲ್ಲವೇ ಪೂರ್ತಿ ಮೌನ. ಹೊಟ್ಟೆ ತೊಳಸುವುದು, ಬೆವರುವುದು, ‘ಇಲ್ಲಿಂದ ಎದ್ದು ಹೋಗಿಬಿಡಬೇಕು’ ಅನ್ನಿಸುವುದು ಕೂಡ ಇದೇ. ಎಲ್ಲ ಮುಗಿದ ಮೇಲೆ ಜ್ವರ ಬಿಟ್ಟ ಹಾಗೆ ಸುಸ್ತು.

ಮನೆಯಲ್ಲಿ ‘ಸಿಟ್ಟಿನ ಮನುಷ್ಯ’, ‘ಹಠಮಾರಿ ಹುಡುಗಿ’ ಅಂತ ಹೆಸರು ಪಡೆದವರು ಯಾರಾದರೂ ಇದ್ದರೆ, ಅವರ ಸಿಟ್ಟು ಬರುವ ಹೊತ್ತನ್ನು ಒಮ್ಮೆ ಗಮನಿಸಿ. ಸಂಜೆ ಆರರಿಂದ ಎಂಟರೊಳಗೆ ಜಾಸ್ತಿಯಾ? ಟಿವಿ, ಕುಕ್ಕರ್, ಮಕ್ಕಳ ಗಲಾಟೆ, ಬೀದಿಯ ಹಾರನ್ನು ಎಲ್ಲ ಕೂಡುವ ಹೊತ್ತು ಅದೇ ಅಲ್ವಾ?

ಒಳಗೆ ಆಗುವುದೇನು

ಕಣ್ಣಿಗೆ ರೆಪ್ಪೆ ಇದೆ, ಕಿವಿಗೆ ಇಲ್ಲ. ಕಿವಿಯ ಮಧ್ಯಭಾಗದಲ್ಲಿ ಒಂದು ಪುಟ್ಟ ಸ್ನಾಯು ಇದೆ. ಜೋರು ಸದ್ದಿಗೆ ಅದು ಬಿಗಿಯಾಗಿ, ಒಳಗೆ ಹೋಗುವ ಸದ್ದನ್ನು ಸ್ವಲ್ಪ ತಗ್ಗಿಸುತ್ತದೆ. ಆದರೆ ಬಿಗಿಯಾಗಲು ಅದಕ್ಕೆ ಚೂರು ಸಮಯ ಬೇಕು. ತಟ್ಟೆ ಬೀಳುವುದು, ಪಟಾಕಿ ಸಿಡಿಯುವುದು ಆ ಚೂರು ಸಮಯದೊಳಗೇ ಮುಗಿದಿರುತ್ತದೆ. ಇನ್ನೊಂದು ತಡೆ ಮೆದುಳಿನಲ್ಲಿದೆ. ಫ್ಯಾನ್ ಹಾಕಿದ ಸ್ವಲ್ಪ ಹೊತ್ತಿಗೆ ಅದರ ಸದ್ದು ನಮ್ಮ ಗಮನದಿಂದ ಬಿಟ್ಟುಹೋಗುತ್ತದೆ. ಕೆಲವರಲ್ಲಿ ಹಾಗೆ ಬಿಟ್ಟುಹೋಗುವುದಿಲ್ಲ. ಹತ್ತನೇ ನಿಮಿಷದಲ್ಲೂ ಫ್ಯಾನು ಮೊದಲ ನಿಮಿಷದಷ್ಟೇ ಕೇಳಿಸುತ್ತದೆ. ಇದು ಮನಸ್ಸು ಮಾಡಿ ಸರಿಪಡಿಸಿಕೊಳ್ಳುವ ವಿಷಯವಲ್ಲ. ಅಮೆರಿಕದ ಮನೋವೈದ್ಯರ ಸಂಘದ ಕೈಪಿಡಿಯೂ 2013ರಲ್ಲಿ ಆಟಿಸಂನ ಲಕ್ಷಣಗಳ ಸಾಲಿಗೆ, ಸದ್ದು ಬೆಳಕು ಸ್ಪರ್ಶಗಳು ಅತಿಯಾಗಿ ಅಥವಾ ತೀರಾ ಕಡಿಮೆ ತಟ್ಟುವುದನ್ನು ಸೇರಿಸಿತು.

ಮೊದಲು ಕಿವಿಯನ್ನೇ ಪರೀಕ್ಷೆ ಮಾಡಿಸಿ

ಲೋಡ್ ಲೆಕ್ಕ ಹಾಕುವ ಮೊದಲು ವೈರು ಸುಟ್ಟಿದೆಯಾ ಅಂತ ನೋಡುತ್ತೇವೆ. ಇಲ್ಲೂ ಹಾಗೆಯೇ.

ಒಂದು ಕಿವಿ ಏಕಾಏಕಿ ಮಂದವಾದರೆ ಅದೇ ದಿನ ಇಎನ್‌ಟಿ ಡಾಕ್ಟರ ಹತ್ತಿರ ಹೋಗಿ. ದಿನ ತಳ್ಳಿದಷ್ಟೂ ಗುಣವಾಗುವ ಸಾಧ್ಯತೆ ಕಡಿಮೆಯಾಗುತ್ತದೆ. ಮುಖದ ಒಂದು ಪಕ್ಕ ಜೋತುಬಿದ್ದು, ಆ ಪಕ್ಕದ ಕಿವಿಗೆ ಸದ್ದು ಜೋರಾಗಿ ಕೇಳಿಸಿದರೂ ತಕ್ಷಣ ಆಸ್ಪತ್ರೆಗೆ ಹೋಗಬೇಕು. ಆ ಪುಟ್ಟ ಸ್ನಾಯುವನ್ನು ಆಡಿಸುವ ನರ, ಮುಖವನ್ನು ಆಡಿಸುವ ನರದ್ದೇ ಕವಲು. ತಲೆನೋವಿನ ಜೊತೆಗೇ ಸದ್ದೂ ಬೆಳಕೂ ಚುಚ್ಚಿದರೆ ಮೈಗ್ರೇನ್ ಇರಬಹುದು. ಅದಕ್ಕೆ ಔಷಧಿ ಇದೆ, ಸುಮ್ನೆ ನರಳಬೇಡಿ.

ವಯಸ್ಸಾದವರದ್ದು ಬೇರೆ ಕಥೆ. “ಜೋರಾಗಿ ಮಾತಾಡೋ” ಅನ್ನುತ್ತಾರೆ. ಜೋರಾಗಿ ಮಾತಾಡಿದರೆ “ಯಾಕೋ ಕಿರುಚ್ತೀಯಾ” ಅನ್ನುತ್ತಾರೆ. ಬೇಕಂತ ಆಡುವ ಮಾತಲ್ಲ ಅದು. ಒಳಗಿವಿಯಲ್ಲಿ ಸದ್ದನ್ನು ಹಿಡಿಯುವ ಕೂದಲುಕೋಶಗಳು ಹಾಳಾದಾಗ ಸಣ್ಣ ಸದ್ದು ಕೇಳಿಸುವುದೇ ಇಲ್ಲ, ಸ್ವಲ್ಪ ಜೋರಾದರೆ ಒಮ್ಮೆಗೇ ವಿಪರೀತ ಜೋರಾಗುತ್ತದೆ. ಅವರಿಗೆ ಬೇಕಾದದ್ದು ಶ್ರವಣ ಪರೀಕ್ಷೆ. ಮೈಸೂರಿನ ಮಾನಸಗಂಗೋತ್ರಿಯಲ್ಲಿರುವ ಅಖಿಲ ಭಾರತ ವಾಕ್ ಶ್ರವಣ ಸಂಸ್ಥೆ ಇಂಥ ಕೆಲಸಕ್ಕೇ ಇರುವ ಜಾಗ.

ಯಾವ ಬಗೆಯ ದೋಷ ಅಂತ ತಿಳಿಯಲು ನಾನು ಮೂರು ಪ್ರಶ್ನೆ ಕೇಳುತ್ತೇನೆ. ಬೆಳಗ್ಗೆ ನಿದ್ದೆ ಮಾಡಿ ಎದ್ದ ಹೊತ್ತಿನಲ್ಲೂ ಮಾಮೂಲಿ ಸದ್ದು ಕಿವಿಗೆ ನೋವು ಕೊಡುತ್ತದೆಯಾ? ಹಾಗಾದರೆ ಹೈಪರಾಕ್ಯೂಸಿಸ್ ಇರಬಹುದು. ಒಂದೆರಡು ನಿರ್ದಿಷ್ಟ ಸದ್ದಿಗೆ ಮಾತ್ರ, ಅದು ಎಷ್ಟೇ ಸಣ್ಣದಾಗಿದ್ದರೂ, ಸಿಟ್ಟು ಉಕ್ಕುತ್ತದೆಯಾ? ಪಕ್ಕದವರು ಚಪ್ಪರಿಸಿ ತಿನ್ನುವುದು, ಮೂಗು ಎಳೆಯುವುದು, ಪೆನ್ನು ಟಿಕ್ ಟಿಕ್ ಅನ್ನಿಸುವುದು? ಅದನ್ನು ಮಿಸೋಫೋನಿಯಾ ಅನ್ನುತ್ತಾರೆ. ಈ ಹೆಸರು ಬಂದದ್ದೇ 2001ರಲ್ಲಿ, ಹಾಗಾಗಿ ಎಷ್ಟೋ ಜನ ಕೇಳಿಯೇ ಇಲ್ಲ. ಇವೆರಡೂ ಅಲ್ಲದೆ, ಬೆಳಗ್ಗೆ ತಡೆಯುವ ಸದ್ದೇ ಸಂಜೆ ತಡೆಯಲು ಆಗುವುದಿಲ್ಲ ಅಂದರೆ ಅದು ಲೋಡ್ ದೋಷ. ಮೊದಲಿನ ಎರಡಕ್ಕೆ ಆಡಿಯಾಲಜಿಸ್ಟ್, ಅಂದರೆ ಶ್ರವಣ ತಜ್ಞರು ಬೇಕು. ಮೂರನೆಯದರಲ್ಲಿ ನಾವೇ ಮಾಡಬಹುದಾದದ್ದು ತುಂಬಾ ಇದೆ.

ಏಳು ದಿನದ ಲೋಡ್ ಪುಸ್ತಕ

ಒಂದು ನೋಟ್‌ಬುಕ್ ತೆಗೆದುಕೊಳ್ಳಿ. ಟ್ರಿಪ್ ಆದ ಹೊತ್ತು, ಕೊನೆಯ ಸದ್ದು, ಅದರ ಹಿಂದಿನ ಮೂರು ಗಂಟೆಯಲ್ಲಿ ಏನೇನು ಇತ್ತು ಅಂತ ಬರೆಯಿರಿ. ಸದ್ದು ಮಾತ್ರ ಬರೆದರೆ ಸಾಲದು. ರಾತ್ರಿ ನಿದ್ದೆ ಎಷ್ಟು, ಊಟ ಯಾವಾಗ, ಸೆಕೆ ಇತ್ತಾ, ಬಟ್ಟೆ ಚುಚ್ಚುತ್ತಿತ್ತಾ, ಜನ ಎಷ್ಟಿದ್ದರು, ಇವೂ ಬೇಕು. ಎಲ್ಲವೂ ಅದೇ ಲೈನಿನ ಲೋಡು.

ಮಗಳ ಪುಸ್ತಕದಲ್ಲಿ ಸೋಮವಾರ, ಗುರುವಾರ ಮಾತ್ರ ಟ್ರಿಪ್ ಇತ್ತು. ಸ್ಕೂಲಿನಲ್ಲಿ ಆ ದಿನ ಏನಾಗುತ್ತದೆ ಅಂತ ತಲೆ ಕೆಡಿಸಿಕೊಂಡೆವು. ಅಲ್ಲಿ ಏನೂ ಇರಲಿಲ್ಲ. ಉಳಿದ ದಿನ ಅವಳು ಸ್ಕೂಲಿನಿಂದ ಬಂದವಳೇ ಟೆರೇಸಿಗೆ ಹೋಗಿ ನೀರಿನ ಟ್ಯಾಂಕಿಗೆ ಒರಗಿ ಕೂರುತ್ತಿದ್ದಳು. “ಅಲ್ಲಿ ಏನು ಮಾಡ್ತಾಳೋ” ಅಂತ ಅವಳಮ್ಮ ಗೊಣಗುತ್ತಿದ್ದಳು. ಸೋಮವಾರ, ಗುರುವಾರ ಸ್ಕೂಲಿನಿಂದ ನೇರವಾಗಿ ಟ್ಯೂಷನ್. ಟ್ಯಾಂಕಿನ ಹತ್ತಿರದ ಆ ಅರ್ಧ ಗಂಟೆ ಇರಲಿಲ್ಲ, ದಿನದ ಲೋಡು ಇಳಿಯಲು ಜಾಗವೇ ಸಿಗಲಿಲ್ಲ. ಟ್ಯೂಷನ್ ಮೇಡಂ ಅವರನ್ನು ಕೇಳಿ ಮುಕ್ಕಾಲು ಗಂಟೆ ಮುಂದಕ್ಕೆ ಹಾಕಿಸಿದೆವು. ಮುಂದಿನ ಎರಡು ವಾರ ಪುಸ್ತಕದಲ್ಲಿ ಒಂದೂ ಟ್ರಿಪ್ ಇರಲಿಲ್ಲ. ಯಾವ ಮಷೀನೂ ಬೇಕಾಗಲಿಲ್ಲ.

ಫೋನಿನಲ್ಲಿ ಸದ್ದಿನ ಮಟ್ಟವನ್ನು ಡೆಸಿಬೆಲ್ ಲೆಕ್ಕದಲ್ಲಿ ಅಳೆಯುವ ಆಪ್ ಹಾಕಿಕೊಳ್ಳಬಹುದು. ಅದು ಕರಾರುವಾಕ್ಕಾಗಿ ಇರುವುದಿಲ್ಲ. ಆದರೆ ಒಂದು ಕೋಣೆಗೂ ಇನ್ನೊಂದಕ್ಕೂ ಎಷ್ಟು ವ್ಯತ್ಯಾಸ ಅನ್ನುವುದು ಸಿಗುತ್ತದೆ. ಹತ್ತು ಡೆಸಿಬೆಲ್ ಏರಿದರೆ ಕಿವಿಗೆ ಸುಮಾರು ಎರಡು ಪಟ್ಟು ಜೋರು ಅನ್ನಿಸುತ್ತದೆ. ಕಿವಿ ಹಾಳಾಗದಿರಲು ಇರುವ ಲೆಕ್ಕ ಬೇರೆ: 85 ಡೆಸಿಬೆಲ್ ಇದ್ದರೆ ದಿನಕ್ಕೆ 8 ಗಂಟೆ, 88 ಇದ್ದರೆ 4, 91 ಇದ್ದರೆ 2. ಮೂರು ಏರಿದಂತೆಲ್ಲ ಹೊತ್ತು ಅರ್ಧಕ್ಕೆ ಇಳಿಯುತ್ತದೆ. ಈ ಲೆಕ್ಕ ಹಿಡಿದು ಯಾರಿಗೂ “ಅರವತ್ತೇ ಇದೆ, ನಾಟಕ ಮಾಡಬೇಡ” ಅನ್ನಬೇಡಿ. ಅರವತ್ತರಲ್ಲಿ ಕಿವಿ ಹಾಳಾಗುವುದಿಲ್ಲ ಅನ್ನುವುದು ನಿಜ. ಆ ಮನುಷ್ಯನಿಗೆ ತಡೆಯಲು ಆಗುತ್ತಿಲ್ಲ ಅನ್ನುವುದೂ ಅಷ್ಟೇ ನಿಜ.

ಮನೆಯೊಳಗಿನ ಸದ್ದು

ಇಲ್ಲಿ ನನ್ನ ಕಸುಬೇ ನನಗೆ ದಾರಿ ತೋರಿಸಿತು. ಜೋರು ಸದ್ದಿನ ಬೆನ್ನು ಹತ್ತುವ ಮೊದಲು, ದಿನವಿಡೀ ಗುಂಯ್‌ಗುಡುವ ಸಣ್ಣ ಸದ್ದನ್ನು ಹುಡುಕಿ. ಬೇರೆಯವರಿಗೆ ಅದು ಕೇಳಿಸುವುದೇ ಇಲ್ಲ. ಇವರಿಗೆ ನಿಲ್ಲುವುದೇ ಇಲ್ಲ.

ಕರೆಂಟ್ ಹೋದಾಗಲೆಲ್ಲ ಮಗಳು “ಫ್ಯಾನ್ ಅಳ್ತಾ ಇದೆ” ಅನ್ನುತ್ತಿದ್ದಳು. ಮಕ್ಕಳ ಮಾತು ಅಂದುಕೊಂಡಿದ್ದೆ. ಒಂದು ರಾತ್ರಿ ಸ್ಟೂಲ್ ಹಾಕಿ ಹತ್ತಿ, ಫ್ಯಾನಿನ ರಾಡಿಗೆ ಕೈ ಇಟ್ಟೆ. ರಾಡು ಜುಂ ಅಂತ ನಡುಗುತ್ತಿತ್ತು. ನಮ್ಮದು ಹಳೆಯ ಸ್ಕ್ವೇರ್ ವೇವ್ ಇನ್ವರ್ಟರ್. ಅದರ ಕರೆಂಟಿನ ಅಲೆ ಚೌಕಾಕಾರ, ಹಾಗಾಗಿ ಫ್ಯಾನಿನ ಮೋಟಾರು ನರಳುತ್ತದೆ. ಸೈನ್ ವೇವ್ ಇನ್ವರ್ಟರ್ ಹಾಕಿದ ದಿನ ಆ ಅಳು ನಿಂತಿತು. ಎಲೆಕ್ಟ್ರಾನಿಕ್ ರೆಗ್ಯುಲೇಟರಿನಲ್ಲೂ ಇದೇ ತೊಂದರೆ ಇದೆ. ಗುಂಡಿಯನ್ನು ನಯವಾಗಿ ತಿರುಗಿಸುವ ಡಿಮ್ಮರ್ ತರಹದವು ಕಡಿಮೆ ಸ್ಪೀಡಿನಲ್ಲಿ ಗುಂಯ್‌ಗುಡುತ್ತವೆ. ಟಕ್ ಟಕ್ ಅಂತ ಒಂದೊಂದೇ ನಂಬರಿಗೆ ಕೂರುವ, ಕೆಪಾಸಿಟರ್ ಇರುವ ಸ್ಟೆಪ್ ರೆಗ್ಯುಲೇಟರ್ ಕೇಳಿ ತನ್ನಿ. ಹಳೆಯ ಟ್ಯೂಬ್‌ಲೈಟಿನ ತಾಮ್ರದ ಚೋಕು ಸೆಕೆಂಡಿಗೆ ನೂರು ಸಲ ನಡುಗುತ್ತದೆ, ಅದರ ಗುಂಯ್ ಅದೇ. ಎಲ್‌ಇಡಿ ಹಾಕಿ. ಫ್ರಿಜ್ಜು ಗೋಡೆಗೆ ತಾಗಿದ್ದರೆ ನಾಲ್ಕು ಬೆರಳು ಈಚೆಗೆ ಎಳೆಯಿರಿ, ನಾಲ್ಕೂ ಕಾಲು ಸಮ ಮಾಡಿ.

ಹುಡುಕುವುದು ಹೇಗೆ? ರಾತ್ರಿ ಎಲ್ಲರೂ ಮಲಗಿದ ಮೇಲೆ ಮೇನ್ ಸ್ವಿಚ್ ಆಫ್ ಮಾಡಿ, ಇನ್ವರ್ಟರನ್ನೂ ಆರಿಸಿ, ಎರಡು ನಿಮಿಷ ಸುಮ್ಮನೆ ಕೂರಿ. ಆಮೇಲೆ ಒಂದೊಂದೇ ಹಾಕುತ್ತಾ ಬನ್ನಿ. ಮನೆಯಲ್ಲಿ ಎಷ್ಟು ಸದ್ದಿತ್ತು ಅಂತ ಅವತ್ತು ಗೊತ್ತಾಗುತ್ತದೆ. ಕಷ್ಟಪಡುತ್ತಿರುವವರು ಜೊತೆಗೆ ಕೂತರೆ ಇನ್ನೂ ಒಳ್ಳೆಯದು, ಅವರ ಕಿವಿಗಿಂತ ಒಳ್ಳೆಯ ಮೀಟರ್ ಇಲ್ಲ.

ಅಡುಗೆಮನೆಯಲ್ಲಿ ಮಿಕ್ಸಿ ಕೆಳಗೆ ದಪ್ಪ ರಬ್ಬರ್ ಮ್ಯಾಟ್ ಇಡಿ. ಗ್ರಾನೈಟ್ ಕಟ್ಟೆ ನಡುಗಿ ಎಬ್ಬಿಸುವ ಸದ್ದು ಚೆನ್ನಾಗಿಯೇ ತಗ್ಗುತ್ತದೆ. ಆದರೆ ಬಟ್ಟೆ ಹೊದಿಸಬೇಡಿ, ಮೋಟಾರು ಬಿಸಿಯಾಗುತ್ತದೆ. ಕುಕ್ಕರಿನಲ್ಲಿ ಮೊದಲ ಸೀಟಿ ಬರುವ ಹೊತ್ತಿಗೆ ಉರಿ ಪೂರ್ತಿ ಸಣ್ಣಗೆ ಮಾಡಿ, ಸೀಟಿ ಎಣಿಸುವ ಬದಲು ಗಡಿಯಾರ ನೋಡಿ ಇಳಿಸಿ. ನಮ್ಮ ಮನೆಯಲ್ಲಿ ಬೇಳೆಗೆ ಹದಿನೈದು ನಿಮಿಷ. ಗ್ಯಾಸೂ ಕಡಿಮೆ ಸಾಕು. ಪಾತ್ರೆ ತೊಳೆದು ಬೋರಲು ಹಾಕುವ ಬುಟ್ಟಿಯ ತಳಕ್ಕೆ ಒಂದು ಹಳೆಯ ಟವೆಲ್ ಹಾಸಿ.

ಇಷ್ಟಕ್ಕಿಂತ ದೊಡ್ಡ ಕೆಲಸ ಮಾಡಿದ್ದು ಒಂದು ಮಾತು. “ಮಿಕ್ಸಿ ಹಾಕ್ತೀನಿ ಮಗಳೇ.” ಅಷ್ಟೇ. ಮೊದಲೇ ತಿಳಿದ ಸದ್ದು ಅರ್ಧ ಹಗುರ. ಅವಳು ಬಾಗಿಲು ಹಾಕಿಕೊಳ್ಳುತ್ತಾಳೆ, ಇಲ್ಲವೇ “ಎರಡು ನಿಮಿಷ ಇರಮ್ಮಾ” ಅನ್ನುತ್ತಾಳೆ.

ಕೋಣೆ

ನಡುವೆ ನಿಂತು ಒಂದು ಚಪ್ಪಾಳೆ ತಟ್ಟಿ. ಸದ್ದು ಟಣ್ ಅಂತ ಎಳೆದರೆ ಕೋಣೆ ಖಾಲಿ ಡಬ್ಬದ ಹಾಗಿದೆ ಅಂತ ಅರ್ಥ. ಹೊಳೆಯುವ ಟೈಲ್ಸ್, ಬೋಳು ಗೋಡೆ, ಆರ್‌ಸಿಸಿ ಸೂರು, ಎಲ್ಲವೂ ಸದ್ದನ್ನು ವಾಪಸ್ ಎಸೆಯುತ್ತವೆ. ಜಮಖಾನ, ದಪ್ಪ ಪರದೆ, ಹಾಸಿಗೆ, ಬಟ್ಟೆ ತುಂಬಿದ ತೆರೆದ ಕಪಾಟು ಅದನ್ನು ಹೀರಿಕೊಳ್ಳುತ್ತವೆ. ಇದರಿಂದ ಹೊರಗಿನ ಸದ್ದು ನಿಲ್ಲುವುದಿಲ್ಲ. ಹೊರಗಿನ ಸದ್ದು ಬರುವುದು ಸಂದಿಗಳಿಂದ. ಬಾಗಿಲ ಕೆಳಗೆ ಬೆಳಕು ಕಂಡರೆ ಸದ್ದಿಗೂ ಅಲ್ಲಿ ದಾರಿ ಇದೆ. ಹಳೆಯ ಸೀರೆ ಸುತ್ತಿ ಒತ್ತಿಡಿ, ಕಿಟಕಿಯ ಚೌಕಟ್ಟಿಗೆ ರಬ್ಬರ್ ಪಟ್ಟಿ ಅಂಟಿಸಿ.

ಕಿವಿಗೆ ಏನು ಹಾಕಿಕೊಳ್ಳಬೇಕು

ಮೆಡಿಕಲ್ ಶಾಪಿನ ಫೋಮ್ ಇಯರ್‌ಪ್ಲಗ್ ಸರಿಯಾಗಿ ಹಾಕಿದರೆ ಚೆನ್ನಾಗಿ ಕೆಲಸ ಮಾಡುತ್ತದೆ. ಬೆರಳಲ್ಲಿ ಬತ್ತಿಯ ಹಾಗೆ ಹೊಸೆಯಿರಿ. ಇನ್ನೊಂದು ಕೈಯನ್ನು ತಲೆಯ ಮೇಲಿಂದ ತಂದು ಕಿವಿಯನ್ನು ಮೇಲಕ್ಕೂ ಹಿಂದಕ್ಕೂ ಎಳೆದು ಒಳಗೆ ಸೇರಿಸಿ. ಅದು ಹಿಗ್ಗುವವರೆಗೆ, ಇಪ್ಪತ್ತು ಮೂವತ್ತು ಸೆಕೆಂಡು, ಬೆರಳು ಒತ್ತಿ ಹಿಡಿಯಿರಿ. ತೂರಿಸಿ ಬಿಟ್ಟುಬಿಟ್ಟರೆ ಪ್ರಯೋಜನವಿಲ್ಲ. ಮಕ್ಕಳಿಗೆ ಇಯರ್‌ಮಫ್ ಸುಲಭ. ಮಾರ್ಬಲ್ ಕತ್ತರಿಸುವವರು ಹಾಕಿಕೊಳ್ಳುತ್ತಾರಲ್ಲ, ಅಂಥದ್ದು. ಹಾರ್ಡ್‌ವೇರ್ ಅಂಗಡಿಯಲ್ಲಿ ಸಿಗುತ್ತದೆ, ಮಕ್ಕಳ ಸೈಜಿನದು ಆನ್‌ಲೈನಿನಲ್ಲಿ ಸಿಗುತ್ತದೆ. ದುಬಾರಿ ನಾಯ್ಸ್ ಕ್ಯಾನ್ಸಲಿಂಗ್ ಹೆಡ್‌ಫೋನು ಬಸ್ಸಿನ ಎಂಜಿನ್, ಎಸಿ ಇಂಥ ಒಂದೇ ಸಮನೆ ಮೊರೆಯುವ ಸದ್ದಿಗೆ ಒಳ್ಳೆಯದು. ಬೀಳುವ ತಟ್ಟೆಗೆ, ಅಳುವ ಮಗುವಿಗೆ ಅದರಿಂದ ಅಷ್ಟು ಉಪಯೋಗವಿಲ್ಲ. ದುಡ್ಡು ಹಾಕುವ ಮೊದಲು ಇದು ತಿಳಿದಿರಲಿ.

ಇವನ್ನು ದಿನವಿಡೀ ಹಾಕಿಕೊಂಡಿರಬೇಡಿ. ಒಳಗೆ ಬರುವ ಸದ್ದು ಕಡಿಮೆಯಾದರೆ ಮೆದುಳು ತನ್ನ ವಾಲ್ಯೂಮ್ ಏರಿಸಿಕೊಳ್ಳುತ್ತದೆ. ಆಮೇಲೆ ತೆಗೆದಾಗ ಮೊದಲಿಗಿಂತ ಜಾಸ್ತಿ ಚುಚ್ಚುತ್ತದೆ. ಕಷ್ಟದ ಹೊತ್ತಿಗೆ ಹಾಕಿ, ಆಮೇಲೆ ತೆಗೆಯಿರಿ. ರಸ್ತೆ ದಾಟುವಾಗ, ಗಾಡಿ ಓಡಿಸುವಾಗ ಬೇಡವೇ ಬೇಡ.

ಛತ್ರ ಮತ್ತು ಹಬ್ಬ

ಮದುವೆಗೆ ಹೋಗದೇ ಇರಲು ಆಗುವುದಿಲ್ಲ. ಹೋಗಿ, ಆದರೆ ಲೆಕ್ಕ ಹಾಕಿ ಹೋಗಿ. ಮುಹೂರ್ತ ಎಷ್ಟು ಗಂಟೆಗೆ ಅಂತ ಕೇಳಿಕೊಳ್ಳಿ. ಪುರೋಹಿತರು ಕೈ ಎತ್ತಿ “ಗಟ್ಟಿಮೇಳ, ಗಟ್ಟಿಮೇಳ” ಅನ್ನುತ್ತಾರಲ್ಲ, ಡೋಲು ನಾದಸ್ವರ ಒಮ್ಮೆಗೇ ಏರುವ ಆ ಎರಡು ನಿಮಿಷಕ್ಕೆ ಮೊದಲೇ ಮಗುವಿಗೆ ಮಫ್ ಹಾಕಿ, ಇಲ್ಲವೇ ಅಂಗಳಕ್ಕೆ ಕರೆದುಕೊಂಡು ಹೋಗಿ. ಸ್ಪೀಕರಿನ ಸಾಲಿನಲ್ಲಿ ಕೂರಬೇಡಿ. ಬಯಲಿನಲ್ಲಿ ದೂರ ಎರಡು ಪಟ್ಟಾದರೆ ಸದ್ದು ಸುಮಾರು 6 ಡೆಸಿಬೆಲ್ ಇಳಿಯುತ್ತದೆ. ಗೋಡೆಗಳ ನಡುವೆ ಅಷ್ಟು ಇಳಿಯುವುದಿಲ್ಲ, ಅದಕ್ಕೇ ಹಾಲಿನ ಹಿಂದಿನ ಸಾಲಿಗಿಂತ ಹೊರಗಿನ ಚಪ್ಪರ ಮೇಲು. ಊಟಕ್ಕೆ ಮೊದಲ ಪಂಕ್ತಿಯಲ್ಲೇ ಕೂತು ಎದ್ದುಬಿಡಿ.

“ಅಭ್ಯಾಸ ಆಗುತ್ತೆ ಬಿಡು, ಸದ್ದಲ್ಲೇ ಇರಲಿ” ಅಂತ ಹಿರಿಯರು ಹೇಳುತ್ತಾರೆ. ನಮ್ಮ ಅತ್ತೆಯವರೂ ಹೇಳುತ್ತಿದ್ದರು. ಪ್ರೀತಿಯಿಂದ ಹೇಳುವ ಮಾತೇ ಅದು, ಆದರೂ ನಾನು ಒಪ್ಪುವುದಿಲ್ಲ. ಹದಿನಾರು ಆಂಪಿಯರ್ ಲೈನಿಗೆ ಮೂವತ್ತು ಆಂಪಿಯರ್ ಹಾಕಿದರೆ ವೈರು ಅಭ್ಯಾಸ ಮಾಡಿಕೊಳ್ಳುವುದಿಲ್ಲ, ಸುಡುತ್ತದೆ. ತಿಳಿದವರ ಜೊತೆಗಿದ್ದು ಸಣ್ಣ ಸದ್ದಿನಿಂದ ಶುರುಮಾಡಿ, ಮಗುವಿನ ಒಪ್ಪಿಗೆ ಕೇಳುತ್ತಾ ನಿಧಾನವಾಗಿ ಏರಿಸುವುದು ಬೇರೆ, ತಮಟೆಯ ಮುಂದೆ ತಂದು ನಿಲ್ಲಿಸುವುದು ಬೇರೆ.

ಟ್ರಿಪ್ ಆಗಿಹೋದರೆ

ಎಂಸಿಬಿ ಒಳಗೆ ಎರಡು ಲೋಹ ಅಂಟಿಸಿದ ಒಂದು ಪಟ್ಟಿ ಇದೆ. ಓವರ್‌ಲೋಡ್ ಆದಾಗ ಅದು ಕಾದು, ಬಾಗಿ, ಸ್ವಿಚ್ಚನ್ನು ಬೀಳಿಸುತ್ತದೆ. ತಕ್ಷಣ ಎತ್ತಿದರೆ ನಿಲ್ಲುವುದಿಲ್ಲ, ಪಟ್ಟಿ ಆರಬೇಕು. ಮನುಷ್ಯರಿಗೂ ಹಾಗೇ. “ಏನಾಯ್ತು? ಯಾಕೆ? ನೀರು ಬೇಕಾ? ಮಾತಾಡು” ಅಂತ ಸುತ್ತ ನಿಂತು ಕೇಳುವ ಒಂದೊಂದು ಪ್ರಶ್ನೆಯೂ ಹೊಸ ಲೋಡು.

ನಾವು ಮಾಡುವುದು ಇಷ್ಟು. ಟಿವಿ ಆಫ್, ಲೈಟ್ ಆಫ್. ಒಬ್ಬರು ಮಾತ್ರ ಹತ್ತಿರ. ಮಾತಿಲ್ಲ. ಮೊದಲೇ ಗೊತ್ತು ಮಾಡಿಕೊಂಡ ಜಾಗಕ್ಕೆ ಅವಳು ಹೋಗುತ್ತಾಳೆ, ದಪ್ಪ ಕಂಬಳಿ ಹೊದ್ದುಕೊಳ್ಳುತ್ತಾಳೆ. ಅವಳು ಕೈ ಚಾಚಿದರೆ ಮಾತ್ರ ಮುಟ್ಟುತ್ತೇವೆ. ಉಸಿರು ಬಿಡುವುದು ಎಳೆದುಕೊಳ್ಳುವುದಕ್ಕಿಂತ ಉದ್ದವಾಗಿದ್ದರೆ ಎದೆಬಡಿತ ಇಳಿಯುತ್ತದೆ, ಆದರೆ ಅದನ್ನು ಹೇಳಿಕೊಡುವುದು ಶಾಂತವಾಗಿರುವ ದಿನ, ಆ ಹೊತ್ತಿನಲ್ಲಲ್ಲ. ಹೊರಗಡೆ ಇದ್ದಾಗ ಅವಳು ಮಣಿಕಟ್ಟನ್ನು ಎರಡು ಸಲ ತಟ್ಟಿ ತೋರಿಸುತ್ತಾಳೆ. ಹೊರಡೋಣ ಅಂತ ಅರ್ಥ. ಯಾಕೆ ಅಂತ ಕೇಳದೆ ಎದ್ದು ಬರುತ್ತೇವೆ.

ತನಗೆ ತಾನೇ ಹೊಡೆದುಕೊಳ್ಳುವುದು, ಊಟ ಬಿಡುವುದು, ಮನೆಯಿಂದ ಹೊರಗೇ ಬಾರದಿರುವುದು ಶುರುವಾದರೆ ಮನೆಮದ್ದು ಸಾಲದು. ಆಕ್ಯುಪೇಷನಲ್ ಥೆರಪಿಸ್ಟ್ (ದಿನನಿತ್ಯದ ಕೆಲಸ ಸಲೀಸಾಗಲು ನೆರವಾಗುವ ತಜ್ಞರು), ಮನೋವೈದ್ಯರ ಹತ್ತಿರ ಹೋಗಿ. ದಾರಿ ತಿಳಿಯದಿದ್ದರೆ ಮಾನಸಿಕ ಆರೋಗ್ಯದ ಟೆಲಿ ಮಾನಸ್ ಸಹಾಯವಾಣಿ 14416ಕ್ಕೆ ಫೋನ್ ಮಾಡಿ, ಕನ್ನಡದಲ್ಲೇ ಮಾತಾಡಬಹುದು.

ಸ್ಕೂಲು, ಅಕ್ಕಪಕ್ಕ, ಕಾನೂನು

ಆಟಿಸಂ 2016ರ ಅಂಗವಿಕಲರ ಹಕ್ಕುಗಳ ಕಾಯಿದೆಯ ಪಟ್ಟಿಯಲ್ಲಿದೆ. ಬೆಲ್ಲಿನಿಂದ ದೂರದ ಬೆಂಚು, ಗಲಾಟೆಯ ಹೊತ್ತಿಗೆ ಲೈಬ್ರರಿಯಲ್ಲಿ ಕೂರಲು ಅನುಮತಿ, ಇಂಥ ಸಣ್ಣ ಅನುಕೂಲ ಕೇಳುವುದು ಮಗುವಿನ ಹಕ್ಕು. ಸಂಕೋಚ ಬೇಡ.

ಪಕ್ಕದ ಮನೆಯವರ ಹತ್ತಿರ ಮೊದಲು ಹೋಗಿ ಮಾತಾಡಿ, ಅದೂ ಸದ್ದಿಲ್ಲದ ದಿನ. ಹೆಚ್ಚಿನವರು ಅರ್ಥ ಮಾಡಿಕೊಳ್ಳುತ್ತಾರೆ. ಕೇಳದಿದ್ದರೆ 2000ದ ಶಬ್ದ ಮಾಲಿನ್ಯ ನಿಯಮಗಳಿವೆ. ವಾಸದ ಪ್ರದೇಶದಲ್ಲಿ ಹಗಲು 55, ರಾತ್ರಿ 45 ಡೆಸಿಬೆಲ್ ಮಿತಿ. ಆಸ್ಪತ್ರೆ, ಶಾಲೆ, ಕೋರ್ಟಿನ ಸುತ್ತ 100 ಮೀಟರ್ ನಿಶ್ಶಬ್ದ ವಲಯ. ರಾತ್ರಿ 10ರಿಂದ ಬೆಳಗ್ಗೆ 6ರವರೆಗೆ ಬಯಲಲ್ಲಿ ಧ್ವನಿವರ್ಧಕ ಹಾಕುವಂತಿಲ್ಲ. ಹಬ್ಬಗಳಿಗೆ ಅಂತ ವರ್ಷಕ್ಕೆ 15 ದಿನ ಮೀರದಂತೆ ರಾತ್ರಿ 12ರವರೆಗೆ ಸರ್ಕಾರ ಸಡಿಲಿಕೆ ಕೊಡಬಹುದು. ಮೀರಿದರೆ 112ಕ್ಕೆ ಫೋನ್ ಮಾಡಬಹುದು.

ಈಗ ಲೋಡ್ ಪುಸ್ತಕವನ್ನು ಮಗಳೇ ಬರೆಯುತ್ತಾಳೆ. ಹೋದ ಭಾನುವಾರ ಹಾಲಿನ ರೆಗ್ಯುಲೇಟರ್ ಬದಲಾಯಿಸಿ, ಫ್ಯಾನನ್ನು ಎರಡರಲ್ಲಿ ಇಟ್ಟು ಅವಳನ್ನು ಕರೆದೆ. ಬಂದು ನಿಂತಳು. ಕಣ್ಣು ಮುಚ್ಚಿ ಕೇಳಿಸಿಕೊಂಡಳು. “ಗುಂಯ್ ಹೋಯ್ತು ಅಪ್ಪಾ. ಈಗ ಗಡಿಯಾರ ಕೇಳಿಸ್ತಿದೆ.” ಒಂದು ಸದ್ದು ತೆಗೆದರೆ ಅದರ ಹಿಂದಿದ್ದ ಇನ್ನೊಂದು ಎದ್ದು ಕಾಣುತ್ತದೆ, ಈ ಕೆಲಸದಲ್ಲಿ ಇದು ಮಾಮೂಲಿ. ಸೆಕೆಂಡಿನ ಮುಳ್ಳು ಟಿಕ್ ಟಿಕ್ ಅನ್ನದೆ ಜಾರಿಕೊಂಡು ಹೋಗುವ ಗಡಿಯಾರಗಳು ಬರುತ್ತವೆ. ಒಂದು ತಂದು ನೇತುಹಾಕಿದ್ದೇನೆ. ಹಳೆಯದು ಈಗ ನನ್ನ ಅಂಗಡಿಯಲ್ಲಿದೆ.